ರೋಲಿಂಗ್ ಪೇಪರ್ ಪ್ರೈವೇಟ್ ಲೇಬಲ್: ಯಾರ ಹೆಸರು, ಯಾವ ಕಾಗದ, ಎಲ್ಲಿಯ ಮಾಲು?

ಅಮೆರಿಕದ ಮಿಶಿಗನ್ ರಾಜ್ಯದ ಕ್ಯಾನಬಿಸ್ (ಗಾಂಜಾ) ಅಂಗಡಿಗಳಿಗೆ ಈಗ ಬಿಗಿಯಾದ ಕಾಲ. 2018ರ ನವೆಂಬರ್‌ನಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಲು ಮತದಾರರು ಒಪ್ಪಿಗೆ ಕೊಟ್ಟರು. 2019ರ ಡಿಸೆಂಬರ್ 1ರಿಂದ 21 ವರ್ಷ ತುಂಬಿದವರಿಗೆ ಮಾರಾಟ ಶುರುವಾಯಿತು. ಆಮೇಲೆ ಅಂಗಡಿಗಳು ಸಾಲುಸಾಲಾಗಿ ಎದ್ದವು, ಬೆಳೆ ಜಾಸ್ತಿಯಾಯಿತು, ಬೆಲೆ ಕುಸಿಯಿತು. ಒಂದು ಔನ್ಸ್ ಹೂವಿನ (ಸೇದುವ ಒಣ ಗಾಂಜಾದ) ಸರಾಸರಿ ಬೆಲೆ 100 ಡಾಲರ್‌ಗಿಂತ ಕೆಳಗಿಳಿದು ವರ್ಷಗಳೇ ಆದವು. ಅದರ ಮೇಲೆ 2026ರ ಜನವರಿ 1ರಿಂದ ಸಗಟು ಮಾರಾಟಕ್ಕೆ ಶೇ. 24ರ ಹೊಸ ತೆರಿಗೆ ಬಿತ್ತು. ಹೂವಿನಲ್ಲಿ ಉಳಿಯದ ಲಾಭವನ್ನು ಅಂಗಡಿಯವರು ಈಗ ಕೌಂಟರ್ ಮೇಲಿನ ಚಿಲ್ಲರೆ ಸಾಮಾನಿನಲ್ಲಿ ಹುಡುಕುತ್ತಿದ್ದಾರೆ. ಲೈಟರ್, ಪುಡಿ ಮಾಡುವ ಗ್ರೈಂಡರ್, ಸುತ್ತಿ ಸೇದಲು ಬಳಸುವ ತೆಳು ಕಾಗದ ಅಂದರೆ ರೋಲಿಂಗ್ ಪೇಪರ್. ಅದರಲ್ಲೂ ಪೇಪರ್ ಮೇಲೆ ತಮ್ಮ ಅಂಗಡಿಯದೇ ಹೆಸರಿದ್ದರೆ (ಇದಕ್ಕೇ ಪ್ರೈವೇಟ್ ಲೇಬಲ್ ಅನ್ನುವುದು) ಇನ್ನೂ ಒಳ್ಳೆಯದು ಅನ್ನುವವರು ಬಹಳ ಜನ.

ಅಲ್ಲೇ ಒಂದು ಸಣ್ಣ ವ್ಯಾಪಾರಕ್ಕೆ ಜಾಗ ಇದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರಲ್ಲಿ ಆಮದು, ಪ್ಯಾಕೇಜಿಂಗ್, ಗ್ಯಾಸ್ ಸ್ಟೇಶನ್ ಸರಬರಾಜು ಗೊತ್ತಿರುವವರು ಈ ಬಗ್ಗೆ ಆಗಾಗ ಕೇಳುತ್ತಾರೆ. ಬಿಡಿ ಹಾಳೆಗಳ ಬುಕ್ಲೆಟ್ ಮಾಡಿಸಬೇಕಾ, ಮೊದಲೇ ಸುತ್ತಿದ ಕೋನ್ ಮಾಡಿಸಬೇಕಾ? ಚೀನಾದಿಂದಲೋ, ಸ್ಪೇನ್‌ನಿಂದಲೋ, ಭಾರತದಿಂದಲೋ? ಸ್ವಂತ ಬ್ರ್ಯಾಂಡ್ ಕಟ್ಟಬೇಕಾ, ಅಂಗಡಿಯ ಹೆಸರು ಹಾಕಿ ಕೊಡಬೇಕಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಸಬರು ಅಂಗಡಿಯ ಹೆಸರಲ್ಲೇ, ಒಂದೇ ಅಳತೆಯಲ್ಲಿ, ಕಾರ್ಖಾನೆಯವರ ಬಳಿ ಈಗಾಗಲೇ ಇರುವ ಕಾಗದದಲ್ಲೇ ಶುರುಮಾಡಬೇಕು. ಉಳಿದ ದುಡ್ಡನ್ನು ಲ್ಯಾಬ್ ಪರೀಕ್ಷೆಗೆ ಹಾಕಬೇಕು. ಯಾಕೆ ಅನ್ನುವುದನ್ನು ಕೆಳಗೆ ಬಿಡಿಸಿ ಹೇಳುತ್ತೇನೆ.

ಊರಲ್ಲಿರುವವರಿಗೆ ಒಂದು ಮಾತು. ಇದು ಕರ್ನಾಟಕದಲ್ಲಿ ಮಾಡುವ ವ್ಯಾಪಾರವಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಮಾರಾಟ ಅಪರಾಧ. ಇಲ್ಲಿ ಹೇಳುತ್ತಿರುವುದೆಲ್ಲ ಅಮೆರಿಕದ, ಸ್ವಲ್ಪ ಮಟ್ಟಿಗೆ ಕೆನಡಾದ, ಲೈಸೆನ್ಸ್ ಇರುವ ಅಂಗಡಿಗಳ ಮಾತು.

ಕಾಗದಕ್ಕಿಂತ ಮೊದಲು ವೀಸಾ

ಈ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹಾಗಾಗಿ ಮೊದಲು ಇದನ್ನೇ ಹೇಳುತ್ತೇನೆ. ರಾಜ್ಯ ಒಪ್ಪಿದರೂ ಮೋಜಿಗೆ ಸೇದುವ ಗಾಂಜಾವನ್ನು ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ಕಾನೂನು ಒಪ್ಪಿಲ್ಲ. ವಲಸೆಯ ವಿಷಯ ಪೂರ್ತಿ ಫೆಡರಲ್ ಕೈಯಲ್ಲಿದೆ. 2019ರ ಏಪ್ರಿಲ್‌ನಲ್ಲಿ ಅಲ್ಲಿನ ವಲಸೆ ಇಲಾಖೆ ಒಂದು ಸ್ಪಷ್ಟನೆ ಹೊರಡಿಸಿತು. ರಾಜ್ಯದಲ್ಲಿ ಕಾನೂನುಬದ್ಧವಾಗಿದ್ದರೂ ಗಾಂಜಾ ಸಂಬಂಧದ ಕೆಲಸದಲ್ಲಿ ತೊಡಗಿದವರಿಗೆ ಪೌರತ್ವಕ್ಕೆ ಬೇಕಾದ ಸನ್ನಡತೆಯ ಷರತ್ತು ತಪ್ಪಿಹೋಗಬಹುದು ಎಂದು ಅದರಲ್ಲಿತ್ತು. ನೀವು ಗಿಡ ಮುಟ್ಟುವುದಿಲ್ಲ, ಬರೀ ಕಾಗದ ಮಾರುತ್ತೀರಿ, ನಿಜ. ಆದರೆ ನಿಮ್ಮ ಎಲ್ಲ ಗಿರಾಕಿಗಳೂ ಕ್ಯಾನಬಿಸ್ ಅಂಗಡಿಗಳೇ ಆಗಿದ್ದರೆ, ಆ ಎರಡರ ನಡುವಿನ ಗೆರೆಯನ್ನು ಅಧಿಕಾರಿ ನಿಮ್ಮಷ್ಟು ಸ್ಪಷ್ಟವಾಗಿ ನೋಡುತ್ತಾನೆ ಅಂತ ನಂಬಿ ಕೂರುವಂತಿಲ್ಲ.

ಎಚ್-1ಬಿಯಲ್ಲಿ ಇರುವವರಿಗೆ ಇನ್ನೊಂದು ತೊಡಕಿದೆ. ವೀಸಾ ಕೊಡಿಸಿದ ಕಂಪನಿ ಬಿಟ್ಟು ಸ್ವಂತ ಕಂಪನಿಯಲ್ಲಿ ದುಡಿಯುವಂತಿಲ್ಲ. "ಹೆಂಡತಿ ಹೆಸರಲ್ಲಿ ಮಾಡ್ತೀನಿ" ಅನ್ನುವವರಿದ್ದಾರೆ. ಅದರಿಂದ ಹೆಂಡತಿಯ ವೀಸಾ ಕಾಗದಪತ್ರವೂ ತೊಂದರೆಗೆ ಸಿಕ್ಕಬಹುದು, ಅಷ್ಟೇ. ನನ್ನ ಅಭಿಪ್ರಾಯ ಕಟ್ಟುನಿಟ್ಟು: ಮನೆಯಲ್ಲಿ ಎಲ್ಲರ ಪೌರತ್ವ ಕೈಗೆ ಬರುವವರೆಗೆ ಈ ವ್ಯಾಪಾರ ಬೇಡ. ಬಂದಿದ್ದರೆ ಮುಂದೆ ಓದಿ. ಗ್ರೀನ್ ಕಾರ್ಡ್ ಹಂತದಲ್ಲಿದ್ದೂ ಮಾಡಲೇಬೇಕು ಅನ್ನಿಸಿದರೆ ಮೊದಲ ಖರ್ಚು ವಲಸೆ ವಕೀಲರದಾಗಲಿ, ಕಾಗದದ ಸ್ಯಾಂಪಲ್‌ನದಲ್ಲ.

ತಂಬಾಕಿನ ಕಡೆಯೋ, ಗಾಂಜಾದ ಕಡೆಯೋ

ಕವರ್ ಮೇಲೆ ಏನು ಬರೆಯುತ್ತೀರಿ ಅನ್ನುವುದರ ಮೇಲೆ ನೀವು ಯಾವ ಕಾನೂನಿನ ಕೆಳಗೆ ಬರುತ್ತೀರಿ ಅನ್ನುವುದು ನಿಂತಿದೆ. ಎರಡು ದಾರಿಯಲ್ಲೂ ಮುಳ್ಳಿದೆ.

ಸಿಗರೇಟು ಸುತ್ತುವ ಕಾಗದ ಅಂತ ಮಾರಿದರೆ ಅದು ತಂಬಾಕು ಉತ್ಪನ್ನದ ಒಂದು ಭಾಗ. 2009ರ ತಂಬಾಕು ನಿಯಂತ್ರಣ ಕಾಯ್ದೆಯ ಪ್ರಕಾರ ಅದು ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ) ಅಡಿ ಬರುತ್ತದೆ. 2007ರ ಫೆಬ್ರವರಿ 15ರ ನಂತರ ಮಾರುಕಟ್ಟೆಗೆ ಬಂದ ಹೊಸ ಮಾಲಿಗೆ ಅವರ ಅನುಮತಿ ಬೇಕು. ದೊಡ್ಡ ಕಂಪನಿಗಳು ತಮ್ಮ ಒಂದೊಂದು ಅಳತೆಗೂ ಅರ್ಜಿ ಹಾಕಿ ಈ ಅನುಮತಿ ಪಡೆದಿವೆ. ಸಣ್ಣವರಿಗೆ ಅಷ್ಟು ಖರ್ಚು ತಡೆಯುವುದಿಲ್ಲ.

ಗಾಂಜಾಕ್ಕೇ ಅಂತ ಮಾರಿದರೆ ಫೆಡರಲ್ ಕಾಯ್ದೆಯ 21ನೇ ಸಂಪುಟದ 863ನೇ ಕಲಂ ಎದುರಾಗುತ್ತದೆ. ಮಾದಕ ವಸ್ತು ಸೇವನೆಯ ಸಲಕರಣೆ ಮಾರುವುದನ್ನು, ಆಮದು ಮಾಡುವುದನ್ನು ಅದು ನಿಷೇಧಿಸುತ್ತದೆ. ಆದರೆ ಅದೇ ಕಲಂನಲ್ಲಿ ಒಂದು ವಿನಾಯಿತಿ ಇದೆ. ಸ್ಥಳೀಯ, ರಾಜ್ಯ ಅಥವಾ ಫೆಡರಲ್ ಕಾನೂನು ಅಧಿಕಾರ ಕೊಟ್ಟವರಿಗೆ ಈ ನಿಷೇಧ ತಟ್ಟುವುದಿಲ್ಲ. 2022ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯ ಇದರ ಮೇಲೆಯೇ ತೀರ್ಪು ಕೊಟ್ಟಿತು. ಈಟೆರೋಸ್ ಎಂಬ ಕಂಪನಿ ಗಾಂಜಾ ಹದಮಾಡುವ ಯಂತ್ರದ ಭಾಗಗಳನ್ನು ವಾಷಿಂಗ್ಟನ್ ರಾಜ್ಯಕ್ಕೆ ತರಿಸಿದಾಗ ಕಸ್ಟಮ್ಸ್ ತಡೆದಿತ್ತು. ಆ ರಾಜ್ಯದ ಕಾನೂನು ಇಂಥ ವಸ್ತುಗಳಿಗೆ ಅವಕಾಶ ಕೊಟ್ಟಿದೆ, ಹಾಗಾಗಿ ತಡೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಮಿಶಿಗನ್‌ನ 2018ರ ಕಾನೂನು ಕೂಡ 21 ತುಂಬಿದವರಿಗೆ ಸಲಕರಣೆ ಮಾರುವುದನ್ನು ಬಾಯಿಬಿಟ್ಟು ಅನುಮತಿಸುತ್ತದೆ. ಹಾಗಾಗಿ ಬಂದರು ಯಾವ ರಾಜ್ಯದ್ದು, ಮಾಲು ಇಳಿಯುವುದು ಯಾವ ರಾಜ್ಯದಲ್ಲಿ, ಕೊಳ್ಳುವವರು ಯಾರು ಅನ್ನುವುದು ಸುಮ್ನೆ ವಿಳಾಸದ ಪ್ರಶ್ನೆಯಲ್ಲ. ಇನ್‌ವಾಯ್ಸ್‌ನಲ್ಲಿ ಲೈಸೆನ್ಸ್ ಇರುವ ಅಂಗಡಿಯ ಹೆಸರು, ಲೈಸೆನ್ಸ್ ನಂಬರ್ ಇರಲಿ. ಗಾಂಜಾ ಇನ್ನೂ ಒಪ್ಪದ ರಾಜ್ಯಕ್ಕೆ ಆನ್‌ಲೈನ್‌ನಲ್ಲಿ ಕಳಿಸುವ ಆಸೆ ಮೊದಲ ದಿನವೇ ಬಿಟ್ಟುಬಿಡಿ.

ಟ್ರೇಡ್‌ಮಾರ್ಕ್ ಕೂಡ ಇದೇ ಗಂಟಿಗೆ ಸಿಕ್ಕಿಕೊಂಡಿದೆ. ಫೆಡರಲ್ ಕಾನೂನಿನಲ್ಲಿ ಒಪ್ಪಿತವಲ್ಲದ ವಸ್ತುವಿಗೆ ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ ಹೆಸರು ನೋಂದಾಯಿಸುವುದಿಲ್ಲ. ಗಾಂಜಾ ಪೇಪರ್ ಅಂತ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ತಂಬಾಕಿನದು ಅಂತ ಹಾಕಿದರೆ ಎಫ್‌ಡಿಎ ಕಡೆ ನೀವೇ ನಡೆದುಹೋದಂತೆ. ಸ್ವಂತ ಬ್ರ್ಯಾಂಡ್‌ಗಿಂತ ಅಂಗಡಿಯ ಹೆಸರು ಮೇಲು ಅಂತ ನಾನು ಹೇಳುವುದಕ್ಕೆ ಇದು ಮೊದಲ ಕಾರಣ.

ತೆರಿಗೆ ಮಾತ್ರ ಸರಳ. ಆಮದಾಗುವ ಪ್ರತಿ 50 ಹಾಳೆ ಸಿಗರೇಟ್ ಪೇಪರ್‌ಗೆ 3.15 ಸೆಂಟ್ ಫೆಡರಲ್ ಅಬಕಾರಿ ತೆರಿಗೆ. ಕೊಳವೆಯಾಗಿ ಮಾಡಿದ್ದಕ್ಕೆ ಪ್ರತಿ 50ಕ್ಕೆ 6.30 ಸೆಂಟ್. 50 ಹಾಳೆಯ 10,000 ಬುಕ್ಲೆಟ್ ತಂದರೆ 315 ಡಾಲರ್. ದೊಡ್ಡ ಮೊತ್ತವಲ್ಲ, ಆದರೆ ಕೆಲವು ಏಜೆಂಟರು ಇದನ್ನು ಲೆಕ್ಕದಲ್ಲೇ ತೋರಿಸುವುದಿಲ್ಲ. ತಂಬಾಕು ಮಾಲಿನಲ್ಲಿ ಪಳಗಿದ ಕಸ್ಟಮ್ಸ್ ಬ್ರೋಕರ್ ಒಬ್ಬರನ್ನು ಹಿಡಿಯಿರಿ. ಸಾಮಾನ್ಯ ಬ್ರೋಕರ್ ಇದನ್ನು ಬರೀ ಕಾಗದ ಅಂತ ನಮೂದಿಸಿದರೆ ದಂಡ ಬೀಳುವುದು ನಿಮಗೆ.

ಯಾರ ಹೆಸರು?

ಸ್ವಂತ ಬ್ರ್ಯಾಂಡ್ ಅಂದರೆ ಏನು ನೋಡಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ಜಿಗ್-ಜ್ಯಾಗ್, ಓಸಿಬಿ, ರಾ, ಜಾಬ್‌ನಂಥ ಹೆಸರಾದ ಪೇಪರ್ ಬ್ರ್ಯಾಂಡ್‌ಗಳು ಇರುತ್ತವೆ. ಜಾಬ್ ಹುಟ್ಟಿದ್ದು 1838ರಲ್ಲಿ, ಫ್ರಾನ್ಸ್‌ನ ಪರ್ಪಿನ್ಯಾನ್‌ನಲ್ಲಿ. ಒಂದು ಹಾಳೆ ಎಳೆದರೆ ಮುಂದಿನದು ತಾನೇ ಇಣುಕುವ ಮಡಿಕೆಯನ್ನು ಜಿಗ್-ಜ್ಯಾಗ್‌ನ ಬ್ರೌನ್‌ಸ್ಟೈನ್ ಸಹೋದರರು 1894ರಲ್ಲಿ ಹದಕ್ಕೆ ತಂದರು. ಸೇದುವವರು ಇಂಥ ಹಳೆಯ ಹೆಸರುಗಳಿಗೆ ತಲೆಮಾರುಗಳಿಂದ ಒಗ್ಗಿದ್ದಾರೆ. ಅವುಗಳ ಪಕ್ಕ ನಿಮ್ಮ ಹೊಸ ಹೆಸರು ನಿಲ್ಲಬೇಕಾದರೆ ಪೋಸ್ಟರ್, ಉಚಿತ ಸ್ಯಾಂಪಲ್, ಅಂಗಡಿಯ ಹುಡುಗರಿಗೆ ತರಬೇತಿ ಎಲ್ಲ ಬೇಕು. ಅಂಗಡಿಯವರೂ "ಹೋಗಲಿ ಇಟ್ಟು ಹೋಗಿ, ಮಾರಾಟವಾದರೆ ದುಡ್ಡು" ಅನ್ನುತ್ತಾರೆ. ಅಂದರೆ ನಿಮ್ಮ ಬಂಡವಾಳ ಅವರ ಕಪಾಟಿನಲ್ಲಿ ಧೂಳು ತಿನ್ನುತ್ತದೆ.

ಅಂಗಡಿಯ ಹೆಸರು ಹಾಕಿದರೆ ಮಾತೇ ಬೇರೆ. ಮಾರುವ ಜವಾಬ್ದಾರಿ ಅವರದು. ನೂರು ಡಾಲರ್ ಕೊಂಡವರಿಗೆ ಒಂದು ಬುಕ್ಲೆಟ್ ಉಚಿತ ಕೊಡುತ್ತಾರೆ, ಹೊಸ ಗಿರಾಕಿಯ ಚೀಲಕ್ಕೆ ಹಾಕುತ್ತಾರೆ, ಹುಟ್ಟುಹಬ್ಬದ ಕೊಡುಗೆಗೆ ಇಡುತ್ತಾರೆ. ಆ ಬುಕ್ಲೆಟ್ ಗಿರಾಕಿಯ ಜೇಬಲ್ಲಿ ವಾರಗಟ್ಟಲೆ ಇರುತ್ತದೆ, ಪ್ರತಿ ಸಲ ತೆಗೆದಾಗಲೂ ಅಂಗಡಿಯ ಹೆಸರು ಕಣ್ಣಿಗೆ ಬೀಳುತ್ತದೆ. ಗಾಂಜಾ ಜಾಹೀರಾತಿಗೆ ಟಿವಿ, ರೇಡಿಯೋ, ದೊಡ್ಡ ಜಾಲತಾಣಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುವಾಗ ಅವರಿಗೆ ಇದಕ್ಕಿಂತ ಅಗ್ಗದ ಪ್ರಚಾರ ಸಿಗುವುದು ಕಷ್ಟ. ಅಂಗಡಿಯ ಮಾಲೀಕರ ಹತ್ತಿರ ಮಾತಾಡುವಾಗ ಕಾಗದ ಎಷ್ಟು ತೆಳು ಅನ್ನುವುದಕ್ಕಿಂತ ಈ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಒಳಗಿನ ಒಂದು ಲೆಕ್ಕ ಕೂಡ ಗೊತ್ತಿರಲಿ. ಆದಾಯ ತೆರಿಗೆ ಕಾಯ್ದೆಯ 280ಇ ಕಲಂ ಇಂಥ ಅಂಗಡಿಗಳಿಗೆ ಬಾಡಿಗೆ, ಸಂಬಳ, ಜಾಹೀರಾತು ಯಾವುದನ್ನೂ ಖರ್ಚು ಅಂತ ಕಳೆಯಲು ಬಿಟ್ಟಿರಲಿಲ್ಲ. ಮಾರಿದ ಸರಕಿನ ಅಸಲು ಮಾತ್ರ ಕಳೆಯಬಹುದಿತ್ತು. ಹಾಗಾಗಿ ಅವರ ಅಕೌಂಟೆಂಟ್ ಪ್ರತಿ ಕೊಳ್ಳುವಿಕೆಯನ್ನೂ ಆ ಕಣ್ಣಿನಿಂದಲೇ ನೋಡುವುದು ರೂಢಿ. ಮಾರಲು ಕೊಂಡ ಪೇಪರ್ ಬೇರೆ, ಹಂಚಲು ಕೊಂಡ ಪೇಪರ್ ಬೇರೆ. ಎರಡಕ್ಕೂ ಬೇರೆ ಬೇರೆ ಇನ್‌ವಾಯ್ಸ್ ಕೊಟ್ಟರೆ ಅವರಿಗೆ ನೀವು ಕೆಲಸ ಬಲ್ಲವರು ಅನ್ನಿಸುತ್ತದೆ. ಗಿಡ ಮುಟ್ಟದ ನಿಮ್ಮ ಕಂಪನಿಗೆ 280ಇ ಹೊರೆ ಇಲ್ಲ. ಈ ವ್ಯಾಪಾರದ ದೊಡ್ಡ ಅನುಕೂಲ ಅದೇ.

ಕೆನಡಾದಲ್ಲಿ ಹೆಸರು ಹಾಕುವುದೂ ಸಲೀಸಲ್ಲ. 2018ರ ಅಕ್ಟೋಬರ್ 17ಕ್ಕೆ ಜಾರಿಗೆ ಬಂದ ಅಲ್ಲಿನ ಕ್ಯಾನಬಿಸ್ ಕಾಯ್ದೆ ರೋಲಿಂಗ್ ಪೇಪರನ್ನು ಸಲಕರಣೆಯ ಪಟ್ಟಿಯಲ್ಲೇ ಹೆಸರಿಸಿದೆ. ಚಿಕ್ಕವರಿಗೆ ಹಿಡಿಸುವಂಥ ಚಿತ್ರ, ಮೋಜಿನ ಬದುಕು ತೋರಿಸುವ ಚಿತ್ರ, ಖ್ಯಾತರ ಮುಖ ಯಾವುದೂ ನಡೆಯುವುದಿಲ್ಲ. ಟೊರೊಂಟೊ ಕಡೆಯವರು ಸಾದಾ ಅಕ್ಷರ, ಒಂದೆರಡು ಬಣ್ಣ ಸಾಕು ಅಂದುಕೊಂಡು ಶುರುಮಾಡಿ.

ಬುಕ್ಲೆಟ್ ಅಥವಾ ಕೋನ್

ಬುಕ್ಲೆಟ್ ಅಂದರೆ ಬಿಡಿ ಹಾಳೆಗಳ ಪುಟ್ಟ ಪುಸ್ತಕ. ಕೋನ್ ಅಂದರೆ ಮೊದಲೇ ಸುತ್ತಿ, ತಳಕ್ಕೆ ರಟ್ಟಿನ ಟಿಪ್ ಕೂರಿಸಿದ ಖಾಲಿ ಶಂಕು. ಪುಡಿ ತುಂಬಿ ತುದಿ ತಿರುಚಿದರೆ ಮುಗಿಯಿತು. ಸುತ್ತಲು ಬಾರದ ಹೊಸ ತಲೆಮಾರಿಗೆ ಕೋನ್ ಇಷ್ಟ, ಅದಕ್ಕೇ ಅದರ ಮಾರುಕಟ್ಟೆ ಬೆಳೆಯುತ್ತಿದೆ. ಲಾಭವೂ ಜಾಸ್ತಿ.

ಆದರೂ ಮೊದಲ ಆರ್ಡರ್‌ಗೆ ನಾನು ಬುಕ್ಲೆಟ್ ಅನ್ನುತ್ತೇನೆ. ಕೋನ್ ಗಾಳಿ ತುಂಬಿದ ಸಾಮಾನು. ಅಷ್ಟೇ ಹಾಳೆ ಬುಕ್ಲೆಟ್‌ನಲ್ಲಿ ಅಂಗೈಯಗಲ ಜಾಗ ಹಿಡಿದರೆ ಕೋನ್‌ನಲ್ಲಿ ದೊಡ್ಡ ಡಬ್ಬಿ ಹಿಡಿಯುತ್ತದೆ. ಸಾಗಣೆ ದುಬಾರಿ, ಗೋದಾಮಿನ ಜಾಗ ದುಬಾರಿ, ಅಮುಕಿದರೆ ಮಾಲು ಹಾಳು. ತುಂಬುವ ಯಂತ್ರ ಬಳಸುವ ಅಂಗಡಿಗೆ ಪ್ರತಿ ಕೋನ್‌ನ ಬಾಯಿ, ಉದ್ದ, ಟಿಪ್‌ನ ಬಿಗಿ ಒಂದೇ ಸಮ ಇರಬೇಕು. ಹತ್ತರಲ್ಲಿ ಒಂದು ಸೊಟ್ಟಗಿದ್ದರೆ ಯಂತ್ರ ನಿಲ್ಲುತ್ತದೆ, ಫೋನ್ ನಿಮಗೆ ಬರುತ್ತದೆ. ತೆರಿಗೆ ಕೊಳವೆಯದ್ದೋ ಹಾಳೆಯದ್ದೋ ಅನ್ನುವ ಪ್ರಶ್ನೆ ಬೇರೆ ಏಳುತ್ತದೆ.

ನಮ್ಮೂರಿನ ಕೊಂಡಿ ಇರುವುದು ಕೋನ್‌ನಲ್ಲೇ. ಲೋಕದ ಕೋನ್‌ಗಳಲ್ಲಿ ದೊಡ್ಡ ಪಾಲು ಇಂಡೋನೇಷ್ಯಾ ಮತ್ತು ಭಾರತದಲ್ಲಿ ಕೈಯಿಂದಲೇ ಸುತ್ತಿದ್ದು. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಬೆರಳಿನ ಚುರುಕು ನೋಡಿದವರಿಗೆ ಈ ಕೆಲಸ ಯಾಕೆ ನಮ್ಮ ಕಡೆ ಬಂತು ಅನ್ನುವುದು ಹೇಳಬೇಕಿಲ್ಲ. ಕಾರ್ಖಾನೆ ಆರಿಸುವಾಗ ದರದ ಜೊತೆಗೆ ಕೂಲಿಯನ್ನೂ ಕೇಳಿ. ದಿನಕ್ಕೆ ಎಷ್ಟು ಕೋನ್ ಸುತ್ತಬೇಕು, ಪಿಎಫ್ ಇದೆಯಾ, ಕೂರುವ ಜಾಗ ಹೇಗಿದೆ. ಡಾಲರ್‌ನಲ್ಲಿ ಲಾಭ ಮಾಡುವ ನಾವು ಇಷ್ಟು ಕೇಳದಿದ್ದರೆ ತಪ್ಪು.

ಎರಡನೇ ವರ್ಷ, ನಂಬಿಕೆಯ ನಾಲ್ಕಾರು ಅಂಗಡಿ ಸಿಕ್ಕ ಮೇಲೆ ಕೋನ್‌ಗೆ ಹೋಗಬಹುದು. ಆಗ 84 ಮಿಲಿಮೀಟರ್ ಅಥವಾ 109 ಮಿಲಿಮೀಟರ್, ಎರಡರಲ್ಲಿ ಒಂದು. ಮೊದಲನೆಯದು ಅರ್ಧ ಗ್ರಾಂಗೆ, ಎರಡನೆಯದು ಒಂದು ಗ್ರಾಂ ಆಸುಪಾಸಿಗೆ ಹೊಂದುತ್ತದೆ.

ಬುಕ್ಲೆಟ್‌ನಲ್ಲೂ ಅಳತೆ ಒಂದೇ ಇರಲಿ. ಅಮೆರಿಕದಲ್ಲಿ ಒಂದೂಕಾಲು ಸೈಜ್ ಹೆಚ್ಚು ಓಡುತ್ತದೆ. ಸುಮಾರು 76ರಿಂದ 78 ಮಿಲಿಮೀಟರ್ ಉದ್ದ, 44ರ ಹತ್ತಿರ ಅಗಲ. ಯೂರೋಪಿನವರು ಇಷ್ಟಪಡುವ ಕಿಂಗ್ ಸೈಜ್ ಸ್ಲಿಮ್ ಅಷ್ಟೇ ಅಗಲ, ಉದ್ದ ಮಾತ್ರ 108ರಿಂದ 110. ಅಂಗಡಿಯವರು "ಎರಡೂ ಬೇಕು" ಅನ್ನುತ್ತಾರೆ. ಎರಡು ಅಳತೆ ಅಂದರೆ ಎರಡು ಕನಿಷ್ಠ ಆರ್ಡರ್, ಎರಡು ಅಚ್ಚಿನ ಖರ್ಚು, ಎರಡು ಪರೀಕ್ಷೆ. ಮೊದಲ ಸಲ ಒಪ್ಪಬೇಡಿ.

ಹೆಂಪ್, ಅಕ್ಕಿ, ಮರ

ಈ ವಿಷಯದಲ್ಲಿ ಪ್ರಚಾರದ ಮಾತು ಜಾಸ್ತಿ, ತಿರುಳು ಕಡಿಮೆ. ಮರದ ತಿರುಳಿನ ಕಾಗದ ಸ್ವಲ್ಪ ದಪ್ಪ, ಕೈಗೆ ಹಿಡಿತ ಕೊಡುತ್ತದೆ, ಸುತ್ತಲು ಕಲಿಯುವವರಿಗೆ ಸುಲಭ. ಅಕ್ಕಿ ಪೇಪರ್ ಅಂತ ಮಾರುವುದು ತುಂಬ ತೆಳು, ನಯ, ಬೆರಳು ಬೆವರಿದರೆ ಒದ್ದೆಯಾಗಿ ಹರಿಯುತ್ತದೆ. ಅದರಲ್ಲಿ ಅಕ್ಕಿಯ ಜೊತೆ ಅಗಸೆ ನಾರೋ ಬೇರೆ ನಾರೋ ಸೇರಿರುವುದು ಸಾಮಾನ್ಯ. ಹೆಂಪ್ (ನಶೆಯಿಲ್ಲದ ಗಾಂಜಾ ಜಾತಿಯ ಗಿಡ) ನಾರಿನ ಕಾಗದ ಇವೆರಡರ ನಡುವೆ ನಿಲ್ಲುತ್ತದೆ. ಸ್ವಲ್ಪ ಒರಟು, ಒಳ್ಳೆಯ ಹಿಡಿತ, ಸಮನಾಗಿ ಉರಿಯುತ್ತದೆ. ಕ್ಯಾನಬಿಸ್ ಅಂಗಡಿಯ ಗಿರಾಕಿಗೆ ಹೆಂಪ್ ಅನ್ನುವ ಹೆಸರೇ ಹತ್ತಿರದ್ದು, ಬ್ಲೀಚ್ ಮಾಡದ ಕಂದು ಬಣ್ಣ ಅಂದರೆ ಇನ್ನೂ ಇಷ್ಟ. ನನ್ನ ಆಯ್ಕೆ ಬ್ಲೀಚ್ ಮಾಡದ ಹೆಂಪ್, ಚದರ ಮೀಟರ್‌ಗೆ 13ರಿಂದ 15 ಗ್ರಾಂ ತೂಕದ್ದು. ಇದಕ್ಕಿಂತ ತೆಳುವಾದರೆ ಹೊಸಬರು ಹರಿದುಕೊಂಡು ಅಂಗಡಿಗೆ ಬಂದು ಬೈಯುತ್ತಾರೆ.

ಬೂದಿ ಬಿಳಿಯಾದರೆ ಕಾಗದ ಶುದ್ಧ ಅನ್ನುವ ಮಾತನ್ನು ಮಾರಾಟಗಾರರು ಹೇಳುತ್ತಾರೆ. ನಂಬಬೇಡಿ. ಉರಿಯ ವೇಗ ಹಿಡಿತದಲ್ಲಿಡಲು ಕಾಗದಕ್ಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸುತ್ತಾರೆ. ಬೂದಿಯ ಬಣ್ಣ ಅಂಥ ಖನಿಜದಿಂದಲೂ ಬರುತ್ತದೆ. ಶುದ್ಧತೆಗೆ ಅದು ಸಾಕ್ಷಿಯಲ್ಲ.

ಗೋಂದಿನ ಬಗ್ಗೆ ಮಾತ್ರ ಕೆದಕಿ ಕೇಳಿ. ಒಳ್ಳೆಯ ಪೇಪರ್‌ಗೆ ಅಕೇಶಿಯಾ ಮರದ ಗೋಂದು ಸವರಿರುತ್ತಾರೆ. ಅದು ಸುಡಾನ್, ಚಾಡ್‌ನಂಥ ಸಹಾರಾ ಅಂಚಿನ ದೇಶಗಳಿಂದ ಬರುತ್ತದೆ. ಹಡಗಿನ ಕಂಟೇನರ್‌ನಲ್ಲಿ ತೇವ ಸೇರಿದರೆ ಹಾಳೆಗಳು ಒಂದಕ್ಕೊಂದು ಅಂಟಿ ಬುಕ್ಲೆಟ್ ಇಟ್ಟಿಗೆಯಾಗುತ್ತದೆ. ಮಿಶಿಗನ್‌ನ ಚಳಿಗಾಲದ ಒಣ ಗಾಳಿಯಲ್ಲಿ ಅದೇ ಹಾಳೆ ಸುರುಳಿ ಸುತ್ತಿಕೊಂಡು ಪಟಪಟ ಮುರಿಯುತ್ತದೆ. ಹಾಗಾಗಿ ಸ್ಯಾಂಪಲ್ ಬಂದ ದಿನವೇ ಮೆಚ್ಚಿಬಿಡಬೇಡಿ. ಕೆಲವನ್ನು ಬಚ್ಚಲುಮನೆಯಲ್ಲಿ, ಕೆಲವನ್ನು ಹೀಟರ್ ಪಕ್ಕ ಒಂದು ವಾರ ಇಡಿ. ಆಮೇಲೆ ಎಳೆದು ನೋಡಿ, ಮಡಿಸಿ ನೋಡಿ, ನೆಕ್ಕಿ ಅಂಟಿಸಿ ನೋಡಿ, ಖಾಲಿ ಹಾಳೆ ಸುತ್ತಿ ಹೊತ್ತಿಸಿ ಒಂದು ಪಕ್ಕ ಮಾತ್ರ ಓಡಿ ಉರಿಯುತ್ತದಾ ನೋಡಿ. ದುಡ್ಡು ಖರ್ಚಿಲ್ಲದ ಪರೀಕ್ಷೆ, ಅಲ್ವಾ?

ರುಚಿ, ಪರಿಮಳ ಹಾಕಿದ ಪೇಪರ್ ಬೇಡವೇ ಬೇಡ. ಕ್ಯಾಲಿಫೋರ್ನಿಯಾದಲ್ಲಿ 2022ರ ಡಿಸೆಂಬರ್‌ನಿಂದ ಪರಿಮಳದ ತಂಬಾಕು ಉತ್ಪನ್ನಗಳ ಚಿಲ್ಲರೆ ಮಾರಾಟ ನಿಂತಿದೆ. ತಂಬಾಕಿಗೆ ಪರಿಮಳ ಸೇರಿಸುವ ವಸ್ತುಗಳೂ ಆ ಕಾನೂನಿನಲ್ಲಿ ಸೇರಿವೆ. ಚಿಕ್ಕವರನ್ನು ಸೆಳೆಯುವ ವಸ್ತುವಿಗೆ ಕೈಹಾಕದೆ ಇರುವುದೇ ಸರಿ, ಕಾನೂನು ಇರಲಿ ಬಿಡಲಿ.

ಎಲ್ಲಿಯ ಮಾಲು?

ಸ್ಪೇನ್, ಫ್ರಾನ್ಸ್‌ನ ಗಿರಣಿಗಳ ಕಾಗದಕ್ಕೆ ಒಳ್ಳೆಯ ಹೆಸರಿದೆ. ಸ್ಪೇನ್‌ನ ಆಲ್ಕೊಯ್ ಈ ಕಾಗದಕ್ಕೇ ಖ್ಯಾತಿಯಾದ ಊರು. ಗುಣಮಟ್ಟ ಪ್ರತಿ ಸಲವೂ ಒಂದೇ ಇರುತ್ತದೆ, ಪರೀಕ್ಷೆಯ ದಾಖಲೆ ಕೇಳಿದ ತಕ್ಷಣ ಕೊಡುತ್ತಾರೆ. ಆದರೆ ಅವರು ದೊಡ್ಡ ಗಿರಾಕಿಗೆ ಒಗ್ಗಿದವರು. ಕನಿಷ್ಠ ಆರ್ಡರ್ ದೊಡ್ಡದು, ಕಾಯುವ ಸಮಯವೂ ದೊಡ್ಡದು. ನೇರವಾಗಿ ಹೋಗುವ ಬದಲು ಅವರ ಕಾಗದವನ್ನು ಕೊಂಡು ಬುಕ್ಲೆಟ್ ಮಾಡುವ ಮಧ್ಯದ ಕಂಪನಿಯನ್ನು ಹಿಡಿಯುವುದು ಸಣ್ಣವರಿಗೆ ಸರಿ.

ಚೀನಾದಲ್ಲಿ ಕಡಿಮೆ ಸಂಖ್ಯೆಗೂ ಒಪ್ಪುತ್ತಾರೆ, ಕವರ್‌ನ ಅಚ್ಚು ಚೆನ್ನಾಗಿರುತ್ತದೆ, ಮ್ಯಾಗ್ನೆಟ್, ಟಿಪ್, ತಟ್ಟೆ ಎಲ್ಲ ಒಂದೇ ಕಡೆ ಸಿಗುತ್ತದೆ. ತೊಂದರೆ ಎರಡನೇ ಆರ್ಡರ್‌ನಲ್ಲಿ. ಸ್ಯಾಂಪಲ್‌ಗೆ ಬಳಸಿದ ಕಾಗದವೇ ಮುಂದಿನ ಸಲವೂ ಬರುತ್ತದೆ ಅನ್ನುವ ಖಾತ್ರಿಯನ್ನು ಒಪ್ಪಂದದಲ್ಲೇ ಬರೆಸಬೇಕು: ಗಿರಣಿಯ ಹೆಸರು, ತೂಕ, ನಾರಿನ ಪ್ರಮಾಣ. ಇಂಡೋನೇಷ್ಯಾ ಕೋನ್‌ಗೆ ಗಟ್ಟಿ, ಭಾರತವೂ ಕೋನ್‌ಗೆ ಒಳ್ಳೆಯದು. ಭಾಷೆ, ಸಮಯ, ಹೋಗಿ ಕಣ್ಣಾರೆ ನೋಡುವ ಅನುಕೂಲ ನಮಗೆ ಭಾರತದಲ್ಲೇ ಜಾಸ್ತಿ. ಆಮದು ಸುಂಕ ಮಾತ್ರ 2025ರಿಂದ ಪದೇ ಪದೇ ಬದಲಾಗುತ್ತಿದೆ. ದರ ಒಪ್ಪುವಾಗ ಸುಂಕ ಏರಿದರೆ ಯಾರು ಹೊರುತ್ತಾರೆ ಅನ್ನುವ ಒಂದು ಸಾಲು ಅಂಗಡಿಯ ಜೊತೆಗಿನ ಕರಾರಿನಲ್ಲೂ ಇರಲಿ.

ಯಾವ ದೇಶದ್ದಾದರೂ ತಯಾರಾದ ದೇಶದ ಹೆಸರು ಪೊಟ್ಟಣದ ಮೇಲೆ ಇರಲೇಬೇಕು. ಇದರಲ್ಲಿ ಬುದ್ಧಿವಂತಿಕೆ ತೋರಿಸಬೇಡಿ. ಇಲಿನಾಯ್‌ನ ಫೆಡರಲ್ ಕೋರ್ಟ್‌ನಲ್ಲಿ ಎರಡು ದೊಡ್ಡ ರೋಲಿಂಗ್ ಪೇಪರ್ ಕಂಪನಿಗಳು ವರ್ಷಗಟ್ಟಲೆ ಹೋರಾಡಿದವು. ಕಾಗದ ಎಲ್ಲಿ ತಯಾರಾಯಿತು ಅನ್ನುವ ಜಾಹೀರಾತಿನ ಮಾತೂ ಆ ಜಗಳದ ಒಂದು ಭಾಗ. ಕೊನೆಗೆ ಕೆಲವು ಮಾತುಗಳನ್ನು ಹೇಳಬಾರದು ಎಂದು ಕೋರ್ಟ್ ತಡೆ ಹಾಕಿತು. ಅಂಥವರಿಗೇ ಹಾಗಾದರೆ, ಸಾಬೀತು ಮಾಡಲಾಗದ "ಆರ್ಗ್ಯಾನಿಕ್", "ರಾಸಾಯನಿಕ ಇಲ್ಲ" ಮುಂತಾದ ಪದ ನಮಗೆ ಯಾಕೆ?

ಲ್ಯಾಬ್‌ನಲ್ಲಿ ಜಿಪುಣತನ ಬೇಡ

ಇದು ಹೊಗೆಯಾಗಿ ಜನರ ಶ್ವಾಸಕೋಶಕ್ಕೆ ಇಳಿಯುವ ವಸ್ತು. ಹೊಗೆ ಮೊದಲೇ ಒಳ್ಳೆಯದಲ್ಲ. ಅದಕ್ಕೆ ಸೀಸ, ಕೀಟನಾಶಕ ಸೇರಿಸಿ ಮಾರುವ ಹಕ್ಕು ನಮಗಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಭಾಗ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಮಿಶಿಗನ್‌ನಲ್ಲೇ ಇರುವ ಲೇಕ್ ಸುಪೀರಿಯರ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2024ರಲ್ಲಿ ಮಾರುಕಟ್ಟೆಯ ರೋಲಿಂಗ್ ಪೇಪರ್‌ಗಳನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಕೆಲವು ಪೇಪರ್‌ಗಳಲ್ಲಿ, ಮುಖ್ಯವಾಗಿ ಬಣ್ಣ ಹಾಕಿದವುಗಳಲ್ಲಿ, ತಾಮ್ರ ಜಾಸ್ತಿ ಇತ್ತು. ಬಣ್ಣದ ಪುಡಿಯಿಂದಲೇ ಅದು ಬರುವುದು. ಅಂಗಡಿಯವರು ತಮ್ಮ ಲೋಗೋ ಹಾಳೆಯ ಮೇಲೇ ಅಚ್ಚಾಗಬೇಕು ಅಂತ ಹಟ ಹಿಡಿಯುತ್ತಾರೆ. ಒಪ್ಪಬೇಡಿ. ಲೋಗೋ ಕವರ್ ಮೇಲಿರಲಿ, ಟಿಪ್‌ನ ಹೊರಗೆ ಬೇಕಾದರೆ ಇರಲಿ, ಉರಿಯುವ ಹಾಳೆಯ ಮೇಲೆ ಶಾಯಿ ಬೇಡ. ಹಾಳೆಯಲ್ಲೇ ಗುರುತು ಬೇಕೇ ಬೇಕು ಅಂದರೆ ವಾಟರ್‌ಮಾರ್ಕ್ ಇದೆ. ಅದರಲ್ಲಿ ಶಾಯಿ ಇಲ್ಲ, ಕಾಗದದ ದಪ್ಪದ ವ್ಯತ್ಯಾಸದಿಂದಲೇ ಮೂಡುತ್ತದೆ. ಆದರೆ ಅದಕ್ಕೆ ಗಿರಣಿಯಲ್ಲೇ ಬೇರೆ ರೋಲರ್ ಮಾಡಿಸಬೇಕು, ಮೊದಲ ಆರ್ಡರ್‌ಗೆ ದುಬಾರಿ.

ಪೇಪರ್‌ಗೆ ಯಾವ ಮಿತಿ ಹಿಡಿಯಬೇಕು? ಸೇದುವ ಕ್ಯಾನಬಿಸ್‌ಗೆ ಕ್ಯಾಲಿಫೋರ್ನಿಯಾ ಇಟ್ಟಿರುವ ಮಿತಿಯನ್ನೇ ನಿಮ್ಮ ಅಳತೆಗೋಲು ಮಾಡಿಕೊಳ್ಳಿ: ಪ್ರತಿ ಗ್ರಾಂಗೆ ಸೀಸ 0.5 ಮೈಕ್ರೋಗ್ರಾಂ, ಕ್ಯಾಡ್ಮಿಯಂ 0.2, ಆರ್ಸೆನಿಕ್ 0.2, ಪಾದರಸ 0.1. ಜೊತೆಗೆ ಕೀಟನಾಶಕಗಳ ಪಟ್ಟಿ. ಹೆಂಪ್ ಮಣ್ಣಿನಲ್ಲಿರುವ ಲೋಹಗಳನ್ನು ಹೀರಿಕೊಳ್ಳುವ ಗಿಡ, ಹಾಗಾಗಿ ನೈಸರ್ಗಿಕ ಅಂದಮಾತ್ರಕ್ಕೆ ನಿಶ್ಚಿಂತೆ ಇಲ್ಲ. ಕಾರ್ಖಾನೆಯವರು ಕಳಿಸುವ ಪ್ರಮಾಣಪತ್ರದ ತಾರೀಖು ನೋಡಿ. ಎರಡು ವರ್ಷ ಹಳೆಯದನ್ನೇ ಎಲ್ಲರಿಗೂ ಕಳಿಸುವವರಿದ್ದಾರೆ. ನಿಮ್ಮ ಬ್ಯಾಚ್ ಇಳಿದ ಮೇಲೆ ನೀವೇ ಡಬ್ಬಿ ಒಡೆದು ಐಎಸ್‌ಒ 17025 (ಲ್ಯಾಬ್‌ಗಳ ಅಂತರರಾಷ್ಟ್ರೀಯ ಮಾನದಂಡ) ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ. ವರದಿ ಬರುವವರೆಗೆ ಒಂದು ಡಬ್ಬಿಯೂ ಹೊರಗೆ ಹೋಗದಿರಲಿ. ಬ್ಯಾಚ್ ನಂಬರನ್ನು ಬುಕ್ಲೆಟ್‌ನ ಒಳಮಗ್ಗುಲಲ್ಲಿ ಅಚ್ಚು ಹಾಕಿಸಿ. ಕ್ಯಾಲಿಫೋರ್ನಿಯಾಕ್ಕೆ ಕಳಿಸುವುದಾದರೆ ಹಾನಿಕರ ರಾಸಾಯನಿಕದ ಬಗ್ಗೆ ಗಿರಾಕಿಗೆ ಎಚ್ಚರಿಸಬೇಕು ಅನ್ನುವ ಅಲ್ಲಿನ ಪ್ರೊಪೊಸಿಷನ್ 65 ಕಾನೂನಿನ ಎಚ್ಚರಿಕೆಯ ಸಾಲು ಬೇಕಾ ಅಂತ ವಕೀಲರನ್ನು ಕೇಳಿ. ಅದನ್ನು ಬಿಟ್ಟವರ ಮೇಲೆ ಕೇಸು ಹಾಕುವುದನ್ನೇ ಕಸುಬು ಮಾಡಿಕೊಂಡವರು ಅಲ್ಲಿದ್ದಾರೆ.

ದುಡ್ಡು ಕೈಗೆ ಬರುವುದು

ಕ್ಯಾನಬಿಸ್ ಅಂಗಡಿಗಳಲ್ಲಿ ಉದ್ರಿ ಬಾಕಿ ದೊಡ್ಡ ಪಿಡುಗು. ಬೆಳೆಗಾರರಿಗೇ ತಿಂಗಳುಗಟ್ಟಲೆ ಬಾಕಿ ಉಳಿಸುತ್ತಾರೆ, ಪೇಪರ್ ಕೊಟ್ಟವರ ಸರದಿ ಕೊನೆಯದು. ಕೆಲವರು ನಗದು ಕೊಡುತ್ತಾರೆ, ಕೆಲವು ಬ್ಯಾಂಕುಗಳು ಇಂಥ ಗಿರಾಕಿಗಳಿರುವ ಖಾತೆಯನ್ನೇ ಇಷ್ಟಪಡುವುದಿಲ್ಲ. ಖಾತೆ ತೆರೆಯುವಾಗಲೇ ಬ್ಯಾಂಕಿಗೆ ವ್ಯಾಪಾರ ಏನು ಅಂತ ನಿಜ ಹೇಳಿ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಖಾತೆ ಮುಚ್ಚುತ್ತಾರೆ. ಇಂಥ ವ್ಯಾಪಾರಕ್ಕೆ ಒಗ್ಗಿದ ಸಣ್ಣ ಕ್ರೆಡಿಟ್ ಯೂನಿಯನ್‌ಗಳು ಮಿಶಿಗನ್‌ನಲ್ಲೂ ಇವೆ.

ಅಂಗಡಿಯ ಹೆಸರು ಅಚ್ಚಾದ ಮಾಲನ್ನು ಬೇರೆಯವರಿಗೆ ಮಾರಲಾಗದು. ಈ ದಾರಿಯ ಒಂದೇ ದೊಡ್ಡ ಅಪಾಯ ಅದು. ಅದನ್ನು ಕಡಿಮೆ ಮಾಡುವುದು ಕಷ್ಟವಲ್ಲ. ಅಚ್ಚಿಗೆ ಹೋಗುವ ಮುಂಚೆ ಅರ್ಧ ಮುಂಗಡ, ಮಾಲು ಇಳಿಸುವ ಮುಂಚೆ ಉಳಿದರ್ಧ. ಮೊದಲ ಸಲ ಯಾರಿಗೂ ಮೂವತ್ತು ದಿನದ ಉದ್ರಿ ಇಲ್ಲ, ಎಷ್ಟೇ ದೊಡ್ಡ ಸರಣಿ ಅಂಗಡಿಯಾದರೂ. ಖಾಲಿ ಬುಕ್ಲೆಟ್ ಒಟ್ಟಿಗೆ ತರಿಸಿ, ಹೆಸರಿನ ಹೊರಕವಚವನ್ನು ಇಲ್ಲೇ ಸ್ಥಳೀಯ ಪ್ರೆಸ್‌ನಲ್ಲಿ ಅಚ್ಚು ಹಾಕಿಸಿ ತೊಡಿಸುವ ದಾರಿಯೂ ಇದೆ. ಒಂದು ಬುಕ್ಲೆಟ್‌ಗೆ ಕೆಲವು ಸೆಂಟ್ ಜಾಸ್ತಿ ಬೀಳುತ್ತದೆ, ಆದರೆ ಒಂದು ಅಂಗಡಿ ಕೈಕೊಟ್ಟರೆ ಅದೇ ಮಾಲು ಇನ್ನೊಂದು ಅಂಗಡಿಯ ಹೆಸರಲ್ಲಿ ಹೋಗುತ್ತದೆ. ಸಣ್ಣ ಬಂಡವಾಳದವರಿಗೆ ಇದೇ ಸರಿಯಾದ ಆರಂಭ.

ಅಂಗಡಿಗಳು ಕೈಬದಲಾಗುವುದು, ಮುಚ್ಚುವುದು ಈಗ ಮಾಮೂಲಿಯಾಗಿದೆ. ಹೆಸರು ಬಳಸಲು ಅವರ ಲಿಖಿತ ಒಪ್ಪಿಗೆ, ಮಾಲೀಕರು ಬದಲಾದರೂ ಅಚ್ಚಾದ ಮಾಲನ್ನು ಹೊಸಬರು ಕೊಳ್ಳಬೇಕು ಅನ್ನುವ ಷರತ್ತು, ಅಂಗಡಿ ಮುಚ್ಚಿದರೆ ಮುಂಗಡ ವಾಪಸಿಲ್ಲ ಅನ್ನುವ ಸಾಲು, ಈ ಮೂರನ್ನೂ ಮೊದಲ ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ ಸಹಿ ಹಾಕಿಸಿಕೊಳ್ಳಿ.